ಮಾತು ಕೊಟ್ಟ ಸೇನಾಪತಿ ಝೊಲ್ಕಿಯೆವ್‌ಸ್ಕಿ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ದೊಡ್ಡವರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ನಮ್ಮ ದೇಶದ ಮಹನೀಯರ ಬಗ್ಗೆ ಇಲ್ಲಿ ಬಹಳ ಜನ ಬರೆದಿದ್ದಾರೆ. ಅದಕ್ಕೇ ನಾನು ದೂರದ ಪೋಲೆಂಡ್ ದೇಶದ ಒಬ್ಬ ಸೇನಾಪತಿಯನ್ನು ಆರಿಸಿಕೊಂಡೆ. ಇವರ ಹೆಸರು ಸ್ಟಾನಿಸ್ಲಾವ್ ಝೊಲ್ಕಿಯೆವ್‌ಸ್ಕಿ. ಹೆಸರು ಬಾಯಿಗೆ ಸಿಗೋದು ಸ್ವಲ್ಪ ಕಷ್ಟ. ಎರಡು ಸಲ ಜೋರಾಗಿ ಓದಿದರೆ ಬರುತ್ತೆ.

ಯುದ್ಧ ಗೆದ್ದ ಸೇನಾಪತಿಗಳು ಪ್ರಪಂಚದಲ್ಲಿ ಎಷ್ಟೋ ಜನ ಇದ್ದಾರೆ. ಆದರೆ ಗೆದ್ದ ಮೇಲೆ, ಸೋತವರಿಗೆ ಕೊಟ್ಟ ಮಾತನ್ನು ಉಳಿಸಬೇಕು ಅಂತ ತಮ್ಮ ರಾಜನ ಹತ್ತಿರವೇ ವಾದ ಮಾಡಿದವರು ಕಡಿಮೆ. ಇವರು ಹಾಗೆ ಮಾಡಿದರು. ಅದಕ್ಕೇ ನನಗೆ ಇವರು ಇಷ್ಟ. ಆದರೆ ಇವರ ಜೀವನದಲ್ಲಿ ಇಷ್ಟವಾಗದ ಒಂದು ಸಂಗತಿಯೂ ಇದೆ. ಅದನ್ನೂ ಬಿಡದೆ ಬರೆದಿದ್ದೇನೆ.

ಆಗಿನ ಪೋಲೆಂಡ್ ಹೇಗಿತ್ತು?

ಅಟ್ಲಾಸ್ ತೆಗೆದು ಯುರೋಪ್ ಖಂಡದ ನಕಾಶೆ ನೋಡಿ. ಜರ್ಮನಿಯ ಪೂರ್ವಕ್ಕೆ ಪೋಲೆಂಡ್ ಕಾಣುತ್ತದೆ. ಈಗಿನ ಪೋಲೆಂಡಿಗಿಂತ ಆಗಿನದು ಬಹಳ ದೊಡ್ಡದು. 1569ರಲ್ಲಿ ಪೋಲೆಂಡ್ ಮತ್ತು ಲಿಥುವೇನಿಯ ಎರಡೂ ಸೇರಿ ಒಂದೇ ರಾಜ್ಯವಾದವು. ಈಗಿನ ಬೆಲಾರುಸ್ ಮತ್ತು ಉಕ್ರೇನಿನ ಬಹುಭಾಗ ಅದರೊಳಗೇ ಇತ್ತು.

ಆ ರಾಜ್ಯದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ರಾಜ ಸತ್ತರೆ ಅವನ ಮಗ ತಾನಾಗಿಯೇ ರಾಜ ಆಗುತ್ತಿರಲಿಲ್ಲ. ದೇಶದ ಶ್ರೀಮಂತ ಮನೆತನದವರೆಲ್ಲ ಒಂದು ಬಯಲಿನಲ್ಲಿ ಸೇರಿ ಹೊಸ ರಾಜನನ್ನು ಆರಿಸುತ್ತಿದ್ದರು. ಅಂದ್ರೆ ರಾಜನಿಗೂ ಎಲೆಕ್ಷನ್! ಆದರೆ ರೈತರಿಗೆ ಓಟು ಇರಲಿಲ್ಲ. ಹೊರದೇಶದವರೂ ರಾಜ ಆಗಬಹುದಿತ್ತು. ಬಹಳಷ್ಟು ಮುಖ್ಯ ವಿಷಯಗಳಿಗೆ ರಾಜ ಸೆಯ್ಮ್ ಎಂಬ ಸಭೆಯ ಒಪ್ಪಿಗೆ ಕೇಳಬೇಕಿತ್ತು. ಸೇನಾಪತಿಗೆ ಆ ದೇಶದಲ್ಲಿ ಹೆಟ್ಮನ್ ಅಂತ ಕರೆಯುತ್ತಿದ್ದರು. ಇದರಲ್ಲಿ ಮಹಾ ಹೆಟ್ಮನ್ ಮತ್ತು ಅವನ ಕೈಕೆಳಗೆ ರಣರಂಗದ ಹೆಟ್ಮನ್ ಅಂತ ಎರಡು ಹುದ್ದೆ.

ಜನನ ಮತ್ತು ವಿದ್ಯಾಭ್ಯಾಸ

ಝೊಲ್ಕಿಯೆವ್‌ಸ್ಕಿಯವರು 1547ರಲ್ಲಿ ಲ್ವಿವ್ ಪಟ್ಟಣದ ಹತ್ತಿರ ತುರಿಂಕಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆ ಊರು ಈಗ ಉಕ್ರೇನ್ ದೇಶದಲ್ಲಿದೆ. ತಂದೆಯ ಹೆಸರೂ ಸ್ಟಾನಿಸ್ಲಾವ್. ಮಗನನ್ನು ಲ್ವಿವ್ ಪಟ್ಟಣದ ಶಾಲೆಗೆ ಕಳಿಸಿದರು. ಅಲ್ಲಿ ಲ್ಯಾಟಿನ್ ಭಾಷೆ ಚೆನ್ನಾಗಿ ಕಲಿತರು. ಕತ್ತಿ ಹಿಡಿಯೋರಿಗೆ ಪುಸ್ತಕ ಯಾಕೆ ಅಂತ ನಾವು ಅಂದುಕೊಳ್ಳುತ್ತೇವೆ. ಇವರು ಹಾಗೆ ಅಂದುಕೊಳ್ಳಲಿಲ್ಲ. ಮುಂದೆ ಮುದುಕರಾದ ಮೇಲೆ ಇವರೇ ಒಂದು ಪುಸ್ತಕ ಬರೆದರು. ಆ ಸಂಗತಿ ಆಮೇಲೆ ಬರುತ್ತದೆ.

ಇವರಿಗೆ ಗುರು ಅಂತ ಸಿಕ್ಕಿದವರು ಯಾನ್ ಝಮೊಯ್‌ಸ್ಕಿ. ಅವರು ದೇಶದ ಪ್ರಧಾನ ಮಂತ್ರಿಯಂಥ ಚಾನ್ಸಲರ್ ಹುದ್ದೆಯಲ್ಲೂ ಮಹಾ ಹೆಟ್ಮನ್ ಹುದ್ದೆಯಲ್ಲೂ ಇದ್ದವರು. ಝೊಲ್ಕಿಯೆವ್‌ಸ್ಕಿ ಅವರ ಹತ್ತಿರ ಇದ್ದುಕೊಂಡು ರಾಜ್ಯದ ಕೆಲಸ ಮತ್ತು ಯುದ್ಧದ ಕೆಲಸ ಎರಡನ್ನೂ ಕಲಿತರು. ಆಗಿನ ರಾಜ ಸ್ಟೀಫನ್ ಬಾತೋರಿಯ ಯುದ್ಧಗಳಲ್ಲಿ ಸೈನಿಕರಾಗಿ ಹೋದರು.

ಕುಂಟಾದ ಕಾಲು

ಬಾತೋರಿ 1586ರಲ್ಲಿ ಸತ್ತ. 1587ರಲ್ಲಿ ಹೊಸ ರಾಜನ ಎಲೆಕ್ಷನ್ ನಡೆಯಿತು. ಸ್ವೀಡನ್ ರಾಜನ ಮಗ ಸಿಗಿಸ್ಮಂಡ್ ಗೆದ್ದ. ಆದರೆ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ ನಾನೇ ರಾಜ ಅಂತ ಸೈನ್ಯ ತಂದ. 1588ರ ಜನವರಿಯಲ್ಲಿ ಬಿಚಿನಾ ಎಂಬಲ್ಲಿ ಯುದ್ಧ ಆಯಿತು. ಝಮೊಯ್‌ಸ್ಕಿ ಗೆದ್ದು ಮ್ಯಾಕ್ಸಿಮಿಲಿಯನ್‌ನನ್ನು ಸೆರೆ ಹಿಡಿದರು. ಅದೇ ಯುದ್ಧದಲ್ಲಿ ಝೊಲ್ಕಿಯೆವ್‌ಸ್ಕಿಯವರ ಮೊಣಕಾಲಿಗೆ ಪೆಟ್ಟು ಬಿತ್ತು. ಅವತ್ತಿನಿಂದ ಸಾಯೋವರೆಗೂ ಅವರು ಕುಂಟುತ್ತಲೇ ನಡೆದರು. ಅದೇ ವರ್ಷ ಅವರನ್ನು ರಣರಂಗದ ಹೆಟ್ಮನ್ ಮಾಡಿದರು. ನಾನು ಕೆಳಗೆ ಬರೆದಿರುವ ಯುದ್ಧಗಳನ್ನೆಲ್ಲ ಅವರು ಮಾಡಿದ್ದು ಈ ಕುಂಟು ಕಾಲಿನಲ್ಲೇ ಅನ್ನೋದನ್ನು ನೆನಪಿಡಿ.

ಮನಸ್ಸಿಗೆ ಬೇಜಾರಾದ ಸಂಗತಿ

ಉಕ್ರೇನಿನ ದೊಡ್ಡ ಹುಲ್ಲುಗಾವಲುಗಳಲ್ಲಿ ಕೊಸಾಕ್ ಎಂಬ ಯೋಧರಿದ್ದರು. ಒಡೆಯರ ದಬ್ಬಾಳಿಕೆ ತಡೆಯಲಾರದೆ ಓಡಿಬಂದ ರೈತರೂ ಅವರಲ್ಲಿ ಸೇರಿಕೊಳ್ಳುತ್ತಿದ್ದರು. ನಲಿವಾಯ್ಕೊ ಎಂಬ ನಾಯಕನ ಜೊತೆ ಅವರು ದಂಗೆ ಎದ್ದರು. 1596ರಲ್ಲಿ ಝೊಲ್ಕಿಯೆವ್‌ಸ್ಕಿ ಅವರನ್ನು ಬೆನ್ನಟ್ಟಿ ಹೋಗಿ ಸೊಲೊನಿತ್ಸಾ ಎಂಬಲ್ಲಿ ಮುತ್ತಿಗೆ ಹಾಕಿದರು. ಒಳಗೆ ಕೊಸಾಕರ ಹೆಂಗಸರು ಮಕ್ಕಳೂ ಇದ್ದರು. ಹಲವು ದಿನಗಳ ಮುತ್ತಿಗೆಯಿಂದ ಸೋತುಹೋದ ಕೊಸಾಕರು ನಲಿವಾಯ್ಕೊನನ್ನು ಹಿಡಿದುಕೊಟ್ಟು ಶರಣಾದರು. ಶರಣಾದ ಮೇಲೂ ಪೋಲೆಂಡಿನ ಸೈನಿಕರು ಅವರ ಮೇಲೆ ಬಿದ್ದು ಬಹಳ ಜನರನ್ನು ಕೊಂದುಬಿಟ್ಟರು. ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. 1597ರಲ್ಲಿ ನಲಿವಾಯ್ಕೊನಿಗೆ ವಾರ್ಸಾದಲ್ಲಿ ಮರಣದಂಡನೆ ಆಯಿತು.

ಇದನ್ನು ಓದಿದಾಗ ನನಗೆ ಪುಸ್ತಕ ಮುಚ್ಚಿಬಿಡೋಣ ಅನ್ನಿಸಿತು. ಶರಣು ಬಂದವರನ್ನು ಕೊಲ್ಲಬಾರದು. ಸೈನ್ಯಕ್ಕೆ ಯಜಮಾನ ಆದವನೇ ಸೈನಿಕರು ಮಾಡಿದ್ದಕ್ಕೂ ಹೊಣೆ. ಉಕ್ರೇನಿನ ಜನ ಇದನ್ನು ಮರೆತಿಲ್ಲ. ನಾವೂ ಇವರ ಚರಿತ್ರೆ ಓದುವಾಗ ಇದನ್ನು ಮರೆಯಬಾರದು.

ಊರು ಕಟ್ಟಿದ ಸೇನಾಪತಿ

ಗಡಿಯಲ್ಲಿ ಆಗಾಗ ಕ್ರಿಮಿಯಾದಿಂದ ತಾತಾರ್ ಕುದುರೆ ಸವಾರರು ನುಗ್ಗಿ ಹಳ್ಳಿ ಸುಟ್ಟು ಜನರನ್ನು ಗುಲಾಮರನ್ನಾಗಿ ಹಿಡಿದುಕೊಂಡು ಹೋಗುತ್ತಿದ್ದರು. ಅವರನ್ನು ತಡೆಯೋದೇ ಝೊಲ್ಕಿಯೆವ್‌ಸ್ಕಿಯವರ ಬಹಳ ವರ್ಷದ ಕೆಲಸ. ಇದರ ಮಧ್ಯೆ ಅವರು ತಮ್ಮ ಜಮೀನಿನಲ್ಲಿ ಕೋಟೆ, ಚೌಕ, ಇಗರ್ಜಿ ಎಲ್ಲ ಇಟ್ಟು ಹೊಸ ಪಟ್ಟಣ ಕಟ್ಟಿಸಿದರು. ಅದಕ್ಕೆ ಅವರ ಮನೆತನದ ಹೆಸರೇ ಬಂತು. ಈಗ ಅದನ್ನು ಝೊವ್ಕ್ವಾ ಅನ್ನುತ್ತಾರೆ. 1603ರಲ್ಲಿ ಅದಕ್ಕೆ ಪಟ್ಟಣದ ಹಕ್ಕು ಸಿಕ್ಕಿತು. ಕ್ಯಾಥೊಲಿಕರು, ಆರ್ಥೊಡಾಕ್ಸ್ ಕ್ರೈಸ್ತರು, ಯಹೂದಿಗಳು ಎಲ್ಲರೂ ಅಲ್ಲಿ ಮನೆ ಮಾಡಿಕೊಂಡರು. ಅವರ ಹೆಂಡತಿ ರೆಗಿನಾ. ಮಕ್ಕಳು ಯಾನ್, ಝೋಫಿಯಾ ಮತ್ತು ಕತಾಝೀನಾ.

1605ರಲ್ಲಿ ಝಮೊಯ್‌ಸ್ಕಿ ತೀರಿಕೊಂಡರು. ಮಹಾ ಹೆಟ್ಮನ್ ಹುದ್ದೆ ಖಾಲಿ ಆಯಿತು. ರಾಜ ಸಿಗಿಸ್ಮಂಡ್ ಅದನ್ನು ಯಾರಿಗೂ ಕೊಡದೆ 13 ವರ್ಷ ಹಾಗೇ ಇಟ್ಟ. ಕೆಲಸ ಎಲ್ಲ ಝೊಲ್ಕಿಯೆವ್‌ಸ್ಕಿ ಮಾಡಬೇಕು, ಹುದ್ದೆ ಮಾತ್ರ ಇಲ್ಲ! ಆದರೂ 1607ರಲ್ಲಿ ಕೆಲವು ಶ್ರೀಮಂತರು ರಾಜನ ಮೇಲೆ ದಂಗೆ ಎದ್ದಾಗ ಇವರು ರಾಜನ ಪಕ್ಷದಲ್ಲೇ ನಿಂತು ಗುಝೂವ್ ಯುದ್ಧದಲ್ಲಿ ಗೆಲ್ಲಿಸಿಕೊಟ್ಟರು. ರಾಜ ಮಾಡೋದೆಲ್ಲ ಸರಿ ಅಂತ ಇವರಿಗೆ ಅನ್ನಿಸುತ್ತಿರಲಿಲ್ಲ. ಆದರೆ ದೇಶ ಒಡೆಯಬಾರದು ಅನ್ನೋದು ಇವರ ಮನಸ್ಸು.

ಕ್ಲುಶಿನೊ ಯುದ್ಧ

ಈಗ ಮುಖ್ಯ ಕಥೆಗೆ ಬರೋಣ. ಆಗ ರಷ್ಯಾ ದೇಶ ಬಹಳ ಕಷ್ಟದಲ್ಲಿತ್ತು. ಬರ ಬಂದು ಜನ ಸತ್ತಿದ್ದರು. ರಷ್ಯಾದ ಚಕ್ರವರ್ತಿಗೆ ತ್ಸಾರ್ ಅನ್ನುತ್ತಾರೆ. ಆ ಪಟ್ಟಕ್ಕೆ ಸುಳ್ಳು ಹೆಸರು ಹೇಳಿಕೊಂಡು ಬರೋರೂ ಇದ್ದರು. ಆಗ ತ್ಸಾರ್ ಆಗಿದ್ದವನು ವಾಸಿಲಿ ಶುಯಿಸ್ಕಿ. ಇದೇ ಸಮಯ ಅಂತ 1609ರಲ್ಲಿ ಪೋಲೆಂಡಿನ ರಾಜ ಸಿಗಿಸ್ಮಂಡ್ ರಷ್ಯಾದ ಸ್ಮೊಲೆನ್ಸ್ಕ್ ಕೋಟೆಗೆ ಮುತ್ತಿಗೆ ಹಾಕಿದ. ಈ ಯುದ್ಧ ಝೊಲ್ಕಿಯೆವ್‌ಸ್ಕಿಯವರಿಗೆ ಇಷ್ಟ ಇರಲಿಲ್ಲ. ಆದರೆ ರಾಜನ ಆಜ್ಞೆ, ಹೋದರು.

1610ರಲ್ಲಿ ಸ್ಮೊಲೆನ್ಸ್ಕ್ ಬಿಡಿಸಲು ತ್ಸಾರನ ತಮ್ಮ ದಿಮಿತ್ರಿ ಶುಯಿಸ್ಕಿ ದೊಡ್ಡ ಸೈನ್ಯ ತೆಗೆದುಕೊಂಡು ಹೊರಟ. ಸ್ವೀಡನ್ ಕಡೆಯ ಸೇನಾನಿ ದೆಲಗಾರ್ದಿ ಮತ್ತು ಸಂಬಳದ ಪರದೇಶಿ ಸೈನಿಕರೂ ಜೊತೆಗಿದ್ದರು. ಎಲ್ಲ ಸೇರಿ ಸುಮಾರು 35,000 ಜನ. ಝೊಲ್ಕಿಯೆವ್‌ಸ್ಕಿ ಆಗ ಬೇರೊಂದು ಕಡೆ ರಷ್ಯಾದ ಇನ್ನೊಂದು ಪಡೆಯನ್ನು ಸುತ್ತುವರಿದು ಕೂತಿದ್ದರು. ಅಲ್ಲಿ ಸ್ವಲ್ಪ ಜನರನ್ನು ಕಾವಲಿಗೆ ಬಿಟ್ಟು, ಸುಮಾರು 6,500 ಜನರನ್ನು ಮಾತ್ರ ಕರೆದುಕೊಂಡು ರಾತ್ರೋರಾತ್ರಿ ಕಾಡುದಾರಿಯಲ್ಲಿ ನಡೆದರು. ಲೆಕ್ಕ ಮಾಡಿ ನೋಡಿ. ಇವರ ಒಬ್ಬನಿಗೆ ಆ ಕಡೆ ಐದು ಜನ!

1610ರ ಜುಲೈ 4ರ ಬೆಳಗಿನ ಜಾವ. ಕ್ಲುಶಿನೊ ಎಂಬ ಹಳ್ಳಿಯ ಹತ್ತಿರ ಶತ್ರುಗಳು ಇನ್ನೂ ನಿದ್ದೆಯಲ್ಲಿದ್ದರು. ಆದರೆ ದಾರಿ ಕೆಟ್ಟದ್ದಾದ್ದರಿಂದ ಇವರ ಸೈನ್ಯವೆಲ್ಲ ಒಟ್ಟಿಗೆ ಬಂದು ಮುಟ್ಟಲಿಲ್ಲ. ಇವರ ಹತ್ತಿರ ಇದ್ದದ್ದು ಎರಡೇ ಸಣ್ಣ ಫಿರಂಗಿ, ಅವೂ ದಾರಿಯಲ್ಲಿ ಹಿಂದೆ ಉಳಿದವು. ಮೈದಾನದ ಮಧ್ಯೆ ಉದ್ದಕ್ಕೂ ಒಂದು ಬೇಲಿ ಬೇರೆ ಇತ್ತು. ಹೊಲಕ್ಕೆ ಹಾಕೋ ಬೇಲಿಯಂಥದೇ. ಕುದುರೆಗಳು ಅದರ ಸಂದಿಯಲ್ಲೇ ತೂರಿ ಹೋಗಬೇಕಿತ್ತು.

ಪೋಲೆಂಡಿನ ಕುದುರೆ ಸವಾರರಿಗೆ ಹುಸಾರ್ ಅನ್ನುತ್ತಾರೆ. ಅವರ ಭರ್ಜಿ ಸುಮಾರು 5 ಮೀಟರ್ ಉದ್ದ. ಭಾರ ಆಗದಿರಲಿ ಅಂತ ಒಳಗೆ ಟೊಳ್ಳು ಮಾಡಿರುತ್ತಿದ್ದರು. ಚಿತ್ರಗಳಲ್ಲಿ ಅವರ ಬೆನ್ನಿಗೆ ಹಕ್ಕಿ ಗರಿಯ ರೆಕ್ಕೆ ಇರುತ್ತದೆ. ಅವತ್ತು ಕೆಲವು ತುಕಡಿಗಳು ಎಂಟು ಹತ್ತು ಸಲ ಶತ್ರುಗಳ ಮೇಲೆ ನುಗ್ಗಿದವು. ಭರ್ಜಿ ಮುರಿದವು, ಕತ್ತಿ ಹಿಡಿದರು. ಸುಮಾರು ಐದು ಗಂಟೆ ಕಾದಾಟ ನಡೆಯಿತು. ಕೊನೆಗೆ ರಷ್ಯಾದ ಕುದುರೆ ಪಡೆ ಓಡಿತು. ದಿಮಿತ್ರಿ ಶುಯಿಸ್ಕಿಯೂ ಓಡಿಹೋದ.

ಪರದೇಶಿ ಸೈನಿಕರು ಮಾತ್ರ ಉಳಿದರು. ಅವರಿಗೆ ತ್ಸಾರನಿಂದ ಸಂಬಳ ಸರಿಯಾಗಿ ಬಂದಿರಲಿಲ್ಲ, ಸಾಯೋಕೆ ಮನಸ್ಸಿರಲಿಲ್ಲ. ಝೊಲ್ಕಿಯೆವ್‌ಸ್ಕಿ ಅವರ ಜೊತೆ ಮಾತಾಡಿದರು. ಬೇಕಾದವರು ನಮ್ಮ ಸೈನ್ಯ ಸೇರಬಹುದು, ಬೇಡದವರು ಹೊರಟು ಹೋಗಬಹುದು ಅಂತ ಒಪ್ಪಂದ ಮಾಡಿದರು. ಕೆಲವರು ಸೇರಿಕೊಂಡರು. ದೆಲಗಾರ್ದಿ ಮತ್ತು ಉಳಿದವರನ್ನು ಹೋಗಲು ಬಿಟ್ಟರು. ಇಲ್ಲಿ ಮಾತಿಗೆ ತಪ್ಪಲಿಲ್ಲ. ಆಗ ಅವರಿಗೆ 63 ವರ್ಷ.

ಮಾಸ್ಕೋದಲ್ಲಿ ಕೊಟ್ಟ ಮಾತು

ಸೋಲಿನ ಸುದ್ದಿ ತಲುಪಿದ ಮೇಲೆ ಮಾಸ್ಕೋದ ಜನ ತ್ಸಾರ್ ವಾಸಿಲಿಯನ್ನು ಪಟ್ಟದಿಂದ ಇಳಿಸಿ ಬಲವಂತದಿಂದ ಸನ್ಯಾಸಿ ಮಾಡಿದರು. ಝೊಲ್ಕಿಯೆವ್‌ಸ್ಕಿ ಸೈನ್ಯದ ಜೊತೆ ಮಾಸ್ಕೋ ಬಾಗಿಲಿಗೆ ಬಂದರು. ಬೇರೆ ಯಾರಾದ್ರೂ ಆಗಿದ್ದರೆ ಊರು ಲೂಟಿ ಮಾಡುತ್ತಿದ್ದರು. ಇವರು ಮಾಸ್ಕೋದ ದೊಡ್ಡ ಮನುಷ್ಯರ ಜೊತೆ ಮಾತುಕತೆಗೆ ಕೂತರು. ಇಷ್ಟು ದೊಡ್ಡ ದೇಶವನ್ನು ಕತ್ತಿಯಿಂದ ಆಳೋಕೆ ಆಗಲ್ಲ, ಒಪ್ಪಿಗೆಯಿಂದ ಮಾತ್ರ ಆಗುತ್ತೆ ಅಂತ ಇವರಿಗೆ ಗೊತ್ತಿತ್ತು.

1610ರ ಆಗಸ್ಟ್‌ನಲ್ಲಿ ಒಪ್ಪಂದ ಆಯಿತು. ರಾಜ ಸಿಗಿಸ್ಮಂಡನ 15 ವರ್ಷದ ಮಗ ವ್ಲಾದಿಸ್ಲಾವ್ ರಷ್ಯಾದ ತ್ಸಾರ್ ಆಗಬೇಕು. ಅಂದ್ರೆ ನಮಗಿಂತ ಎರಡೇ ವರ್ಷ ದೊಡ್ಡವನು! ರಷ್ಯಾದವರ ಆರ್ಥೊಡಾಕ್ಸ್ ಧರ್ಮಕ್ಕೆ ಯಾರೂ ಕೈ ಹಚ್ಚಬಾರದು. ಅವರ ಕಾನೂನು ಹಾಗೇ ಇರಬೇಕು. ರಾಜಕುಮಾರ ಧರ್ಮ ಬದಲಾಯಿಸಬೇಕೋ ಬೇಡವೋ ಅನ್ನೋದನ್ನು ರಾಜನ ಹತ್ತಿರ ಮಾತಾಡಿ ತೀರ್ಮಾನಿಸಬೇಕು. ಮಾಸ್ಕೋದ ಜನ ವ್ಲಾದಿಸ್ಲಾವ್ ಹೆಸರಿನಲ್ಲಿ ಪ್ರಮಾಣ ಮಾಡಿದರು. ಅಕ್ಟೋಬರ್‌ನಲ್ಲಿ ಪೋಲೆಂಡ್ ಸೈನ್ಯ ಗಲಾಟೆ ಇಲ್ಲದೆ ರಾತ್ರಿ ಹೊತ್ತು ಮಾಸ್ಕೋ ಒಳಗೆ ಬಂತು. ಊರಿನವರಿಗೆ ತೊಂದರೆ ಕೊಟ್ಟ ಸೈನಿಕರಿಗೆ ಕಠಿಣ ಶಿಕ್ಷೆ ಅಂತ ಝೊಲ್ಕಿಯೆವ್‌ಸ್ಕಿ ನಿಯಮ ಮಾಡಿದರು. ಜಗಳ ಬಂದರೆ ಎರಡೂ ಕಡೆಯವರು ಸೇರಿ ನ್ಯಾಯ ಹೇಳುತ್ತಿದ್ದರು.

ಆದರೆ ರಾಜ ಸಿಗಿಸ್ಮಂಡ್ ಒಪ್ಪಲಿಲ್ಲ. ಮಗ ಬೇಡ, ನಾನೇ ತ್ಸಾರ್ ಆಗುತ್ತೇನೆ ಅನ್ನೋದು ಅವನ ಆಸೆ. ಸ್ಮೊಲೆನ್ಸ್ಕ್ ಕೋಟೆಯನ್ನೂ ಬಿಡಲು ಅವನು ತಯಾರಿಲ್ಲ. ಝೊಲ್ಕಿಯೆವ್‌ಸ್ಕಿ ಮಾಸ್ಕೋ ಬಿಟ್ಟು ರಾಜನ ಹತ್ತಿರ ಬಂದು, ಒಪ್ಪಂದ ಉಳಿಸಿ ಅಂತ ಹೇಳಿದರು. ರಾಜ ಕೇಳಲಿಲ್ಲ. ಒಪ್ಪಂದದ ಮಾತಾಡಲು ಮಾಸ್ಕೋದಿಂದ ಬಂದಿದ್ದ ರಾಯಭಾರಿಗಳನ್ನೇ 1611ರಲ್ಲಿ ಸೆರೆ ಹಿಡಿದು ಪೋಲೆಂಡಿಗೆ ಕಳಿಸಿಬಿಟ್ಟ! ಝೊಲ್ಕಿಯೆವ್‌ಸ್ಕಿಯವರ ಮಾತಿನ ಮೇಲೆ ನಂಬಿಕೆ ಇಟ್ಟು ಬಂದ ಜನ ಅವರು. ಇವರಿಗೆ ಎಷ್ಟು ನೋವಾಗಿರಬೇಕು ಅಂತ ನೀವೇ ಯೋಚಿಸಿ.

ಮಾತು ಮುರಿದದ್ದರ ಫಲ

1611ರ ಜೂನ್‌ನಲ್ಲಿ ಸ್ಮೊಲೆನ್ಸ್ಕ್ ಕೋಟೆ ರಾಜನ ಕೈಗೆ ಬಂತು. ಅಕ್ಟೋಬರ್ 29ರಂದು ವಾರ್ಸಾದಲ್ಲಿ ದೊಡ್ಡ ಮೆರವಣಿಗೆ ಆಯಿತು. ಝೊಲ್ಕಿಯೆವ್‌ಸ್ಕಿ ಸೆರೆಯಾದ ತ್ಸಾರ್ ವಾಸಿಲಿಯನ್ನು ಮತ್ತು ಅವನ ತಮ್ಮಂದಿರನ್ನು ರಾಜನ ಮುಂದೆ ಕರೆತಂದರು. ತ್ಸಾರ್ ರಾಜನಿಗೆ ಬಗ್ಗಿ ನಮಸ್ಕರಿಸಿದ. ಎಲ್ಲರೂ ಇದು ಪೋಲೆಂಡಿನ ಅತಿ ದೊಡ್ಡ ದಿನ ಅಂದುಕೊಂಡರು. ಆದರೆ ಮಾಸ್ಕೋದಲ್ಲಿ ಅಷ್ಟರೊಳಗೆ ಎಲ್ಲ ಕೆಟ್ಟುಹೋಗಿತ್ತು. ಆ ವರ್ಷದ ಮಾರ್ಚ್‌ನಲ್ಲೇ ಜನ ದಂಗೆ ಎದ್ದು ಊರಿಗೆ ಬೆಂಕಿ ಬಿದ್ದಿತ್ತು. ಕ್ರೆಮ್ಲಿನ್ ಕೋಟೆಯೊಳಗೆ ಸಿಕ್ಕಿಹಾಕಿಕೊಂಡ ಪೋಲೆಂಡ್ ಸೈನಿಕರು ಅನ್ನವಿಲ್ಲದೆ ನರಳಿ 1612ರ ನವೆಂಬರ್‌ನಲ್ಲಿ ಶರಣಾದರು. ಈಗಲೂ ರಷ್ಯಾದಲ್ಲಿ ನವೆಂಬರ್ 4ನೇ ತಾರೀಖು ಇದರ ನೆನಪಿಗೆ ರಜೆ ಇದೆ.

1613ರಲ್ಲಿ ರಷ್ಯಾದವರು ಮಿಖಾಯಿಲ್ ರೊಮಾನೊವ್ ಎಂಬ ಹುಡುಗನನ್ನು ತ್ಸಾರ್ ಮಾಡಿದರು. ಅವನ ತಂದೆ ಫಿಲಾರೆಟ್ ಯಾರು ಗೊತ್ತಾ? ಸಿಗಿಸ್ಮಂಡ್ ಸೆರೆ ಹಿಡಿದಿದ್ದ ರಾಯಭಾರಿಗಳಲ್ಲಿ ಒಬ್ಬರು! ಆ ರೊಮಾನೊವ್ ವಂಶ 1917ರವರೆಗೆ 300 ವರ್ಷ ರಷ್ಯಾ ಆಳಿತು.

ಝೊಲ್ಕಿಯೆವ್‌ಸ್ಕಿ ಮಾಸ್ಕೋ ಯುದ್ಧದ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ತಮ್ಮನ್ನು ನಾನು ಅಂತ ಕರೆದುಕೊಳ್ಳದೆ ಹೆಟ್ಮನ್ ಅಂತಲೇ ಬರೆದಿದ್ದಾರೆ. ಬೇರೆಯವರ ಕಥೆ ಹೇಳಿದ ಹಾಗೆ.

ಕೊನೆಯ ಯುದ್ಧ

1618ರಲ್ಲಿ ರಾಜ ಕೊನೆಗೂ ಇವರಿಗೆ ಮಹಾ ಹೆಟ್ಮನ್ ಮತ್ತು ಚಾನ್ಸಲರ್ ಎರಡೂ ಹುದ್ದೆ ಕೊಟ್ಟ. ಆಗ ಇವರಿಗೆ 71 ವರ್ಷ. ಆ ವಯಸ್ಸಿಗೆ ಮನೆಯಲ್ಲಿ ಕೂರಬಹುದಿತ್ತು. ಆದರೆ ತುರ್ಕಿ ಸುಲ್ತಾನನ ಜೊತೆ ಯುದ್ಧ ಬಂತು. 1620ರಲ್ಲಿ ಇವರು ಎಂಟು ಒಂಬತ್ತು ಸಾವಿರ ಸೈನಿಕರೊಂದಿಗೆ ಮೊಲ್ದಾವಿಯಾದ ಪ್ರೂತ್ ನದಿಯ ಹತ್ತಿರ ತ್ಸೆತ್ಸೊರಾ ಎಂಬಲ್ಲಿಗೆ ಹೋದರು. ಮೊಲ್ದಾವಿಯಾದ ದೊರೆ ದೊಡ್ಡ ಸೈನ್ಯ ತರುತ್ತೇನೆ ಅಂದಿದ್ದವನು ಕೆಲವೇ ನೂರು ಜನರನ್ನು ತಂದ. ಸೆಪ್ಟೆಂಬರ್‌ನಲ್ಲಿ ತುರ್ಕಿ ಮತ್ತು ತಾತಾರ್ ಸೈನ್ಯದ ಎದುರು ಸೋಲಾಯಿತು. ಅವತ್ತು ರಾತ್ರಿ ಆ ದೊರೆಯೂ ಪೋಲೆಂಡಿನ ಕೆಲವು ಶ್ರೀಮಂತರೂ ಸೈನ್ಯ ಬಿಟ್ಟು ಓಡಿದರು. ಆ ಗದ್ದಲದಲ್ಲಿ ಶಿಬಿರದ ಆಳುಗಳು ತಮ್ಮವರ ಸಾಮಾನೇ ಲೂಟಿ ಮಾಡಿದರು.

ಉಳಿದವರನ್ನು ಕಾಪಾಡಿ ಮನೆಗೆ ಮುಟ್ಟಿಸಬೇಕಿತ್ತು. ಝೊಲ್ಕಿಯೆವ್‌ಸ್ಕಿ ಗಾಡಿಗಳನ್ನೆಲ್ಲ ಸಾಲಾಗಿ ಜೋಡಿಸಿ ನಡೆಯೋ ಕೋಟೆಯಂತೆ ಮಾಡಿದರು. ಗಾಡಿಗಳ ಮಧ್ಯೆ ಸೈನಿಕರು. ಸುತ್ತಲೂ ಶತ್ರುಗಳು ಹುಲ್ಲಿಗೆ ಬೆಂಕಿ ಹಚ್ಚುತ್ತಿದ್ದರು. ಹಗಲು ಕಾದಾಡಿ ರಾತ್ರಿ ನಡೆದು ಒಂದು ವಾರ ಹೀಗೇ ಸಾಗಿದರು. ಗಡಿಯ ದ್ನೀಸ್ಟರ್ ನದಿ ಹತ್ತಿರ ಬಂದಿತ್ತು. ಇನ್ನು ಸ್ವಲ್ಪವೇ ದೂರ!

ಆಗ ಅಕ್ಟೋಬರ್ 6ರ ರಾತ್ರಿ ಶಿಬಿರದೊಳಗೇ ಗಲಾಟೆ ಎದ್ದಿತು. ಮೊದಲು ಲೂಟಿ ಮಾಡಿದ್ದ ಆಳುಗಳಿಗೆ ಊರು ಮುಟ್ಟಿದ ಮೇಲೆ ಶಿಕ್ಷೆ ಆಗುತ್ತದೆ ಅಂತ ಹೆದರಿಕೆ. ಕುದುರೆ ಕಿತ್ತುಕೊಂಡು ಓಡತೊಡಗಿದರು. ಗಾಡಿ ಕೋಟೆ ಒಡೆಯಿತು. ಶತ್ರುಗಳು ನುಗ್ಗಿದರು. ಝೊಲ್ಕಿಯೆವ್‌ಸ್ಕಿ ಕುದುರೆ ಹತ್ತಿ ತಪ್ಪಿಸಿಕೊಳ್ಳಬಹುದಿತ್ತು. ಅವರು ಓಡಲಿಲ್ಲ. ತಮ್ಮ ಕುದುರೆಯನ್ನು ತಾವೇ ಕೊಂದರು ಅಂತಲೂ ಜನ ಹೇಳುತ್ತಾರೆ. ಕುಂಟು ಕಾಲಿನ 73 ವರ್ಷದ ಸೇನಾಪತಿ ತಮ್ಮ ಜನರ ಜೊತೆ ಅಲ್ಲೇ ಸತ್ತರು. ಅವರ ತಲೆಯನ್ನು ಇಸ್ತಾಂಬುಲ್‌ನ ಸುಲ್ತಾನನಿಗೆ ಕಳಿಸಿದರು. ಮಗ ಯಾನ್ ಸೆರೆಯಾದ. ಬೊಹ್ದಾನ್ ಖ್ಮೆಲ್ನಿತ್ಸ್ಕಿ ಎಂಬ ಯುವಕನೂ ಸೆರೆ ಸಿಕ್ಕಿದ. ಮುಂದೆ 1648ರಲ್ಲಿ ಕೊಸಾಕರ ಮಹಾ ದಂಗೆಗೆ ನಾಯಕ ಆದವನು ಅವನೇ.

ಹೆಂಡತಿ ರೆಗಿನಾ ಹಣ ಕೊಟ್ಟು ಮಗನನ್ನೂ ಗಂಡನ ತಲೆಯನ್ನೂ ಬಿಡಿಸಿಕೊಂಡರು. ಝೊವ್ಕ್ವಾ ಪಟ್ಟಣದ ಇಗರ್ಜಿಯಲ್ಲಿ ಸಮಾಧಿ ಮಾಡಿದರು. ಎಷ್ಟು ಧೈರ್ಯದ ತಾಯಿ! ಮಗನೂ ಯುದ್ಧದ ಗಾಯಗಳಿಂದ 1623ರಲ್ಲಿ ತೀರಿಕೊಂಡ. ಆದರೆ ಮಗಳು ಝೋಫಿಯಾಳ ಮೊಮ್ಮಗ ಯಾನ್ ಸೊಬಿಯೆಸ್ಕಿ ಪೋಲೆಂಡಿನ ರಾಜನೇ ಆದ. 1683ರ ಸೆಪ್ಟೆಂಬರ್ 12ರಂದು ವಿಯೆನ್ನಾ ನಗರಕ್ಕೆ ಮುತ್ತಿಗೆ ಹಾಕಿದ್ದ ತುರ್ಕಿ ಸೈನ್ಯವನ್ನು ಸೋಲಿಸಿದ್ದು ಇದೇ ಮರಿಮಗ.

ಝೊವ್ಕ್ವಾ ಪಟ್ಟಣಕ್ಕೆ ಸೋವಿಯತ್ ಕಾಲದಲ್ಲಿ 1951ರಲ್ಲಿ ಒಬ್ಬ ವಿಮಾನ ಹಾರಿಸುವವರ ನೆನಪಿಗೆ ನೆಸ್ತೆರೊವ್ ಅಂತ ಹೆಸರಿಟ್ಟಿದ್ದರು. 1992ರಲ್ಲಿ ಮತ್ತೆ ಹಳೆಯ ಹೆಸರೇ ಬಂತು. ಕೋಟೆಯೂ ಇಗರ್ಜಿಯೂ ಇವತ್ತಿಗೂ ಇವೆ.

ನಾವು ಕಲಿಯಬೇಕಾದದ್ದು

ಇವರನ್ನು ದೇವರ ಹಾಗೆ ಹೊಗಳಲು ನಾನು ತಯಾರಿಲ್ಲ. ಸೊಲೊನಿತ್ಸಾದಲ್ಲಿ ಶರಣಾದ ಮೇಲೂ ಸತ್ತ ಮಕ್ಕಳು ನಮ್ಮ ವಯಸ್ಸಿನವರೂ ಇದ್ದಿರಬಹುದು. ಆದರೆ 14 ವರ್ಷದ ಮೇಲೆ ಅದೇ ಮನುಷ್ಯ ಮಾಸ್ಕೋದಲ್ಲಿ ಲೂಟಿ ಮಾಡಬಹುದಾಗಿದ್ದರೂ ಮಾಡಲಿಲ್ಲ. ಸೋತವರ ಧರ್ಮ, ಕಾನೂನು, ಮರ್ಯಾದೆ ಉಳಿಸುತ್ತೇನೆ ಅಂತ ಮಾತು ಕೊಟ್ಟರು. ಆ ಮಾತನ್ನು ಮುರಿದದ್ದು ಶತ್ರುವಲ್ಲ, ಅವರ ರಾಜನೇ. ಐದು ಪಟ್ಟು ಸೈನ್ಯವನ್ನು ಗೆದ್ದು ಸಂಪಾದಿಸಿದ್ದನ್ನು ರಾಜ ಒಂದು ಮಾತು ಮುರಿದು ಕಳೆದುಬಿಟ್ಟ. ಯುದ್ಧ ಗೆಲ್ಲೋಕೆ ಐದು ಗಂಟೆ ಸಾಕಾಯಿತು. ಜನರ ನಂಬಿಕೆ ಹೋದ ಮೇಲೆ ಅದು ಮತ್ತೆ ಸಿಗಲೇ ಇಲ್ಲ.

ಒಂದು ಪ್ರಶ್ನೆ: ರಾಜ ಮಾತು ಮುರಿದ ಮೇಲೂ ಝೊಲ್ಕಿಯೆವ್‌ಸ್ಕಿ ಅವನ ಸೇವೆ ಬಿಡಲಿಲ್ಲ. ಅದು ಸರಿಯೋ ತಪ್ಪೋ? ದೇಶಕ್ಕಾಗಿ ಇದ್ದರು, ಸರಿ ಅಂತ ನನಗೆ ಅನ್ನಿಸುತ್ತದೆ. ನನ್ನ ಬೆಂಚಿನ ಗೆಳೆಯ ಅಲ್ಲ, ಬಿಡಬೇಕಿತ್ತು ಅಂತಾನೆ. ನಿಮಗೆ ಏನು ಅನ್ನಿಸುತ್ತದೆ? ಒಂದು ಚೀಟಿಯಲ್ಲಿ ಬರೆದು ಕೆಳಗಿನ ಲಕೋಟೆಗೆ ಹಾಕಿ. ಒಳ್ಳೆಯ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತೇವೆ.

ಇಂತಿ ನಿಮ್ಮ,
7ನೇ ತರಗತಿಯ ವಿದ್ಯಾರ್ಥಿ